ಅಕ್ಕನ ಸೈಕಲ್ಲಿಗೆ ಲಾರಿಯ ಉಕ್ಕು

ಮೂರ್ಖರನ್ನು ಗುರುತಿಸುವುದರಲ್ಲಿ ನನ್ನಷ್ಟು ಚುರುಕಾದವನು ನಮ್ಮ ಮನೆತನದಲ್ಲಿ ಇನ್ನೊಬ್ಬನಿಲ್ಲ. ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ತಗಡಿನ ಶೆಡ್ಡಿದೆ. ಕಚೇರಿಗೆ ರಜೆ ಇದ್ದ ದಿನ ಅಲ್ಲಿ ಕೂತು ಕಬ್ಬಿಣ ಕೊರೆಯುತ್ತ, ಊರಿನ ಅರ್ಧಕ್ಕರ್ಧ ಕಸುಬುದಾರರನ್ನು ನಾನು ಮೂರ್ಖರ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದೆ. ಸಾಲಿನ ಮುಂದೆ ನಿಂತವನು ಕಮಲಾಪುರದ ಒಬ್ಬ ವೆಲ್ಡರ್.

ಕಮಲಾಪುರದಲ್ಲಿ ನನ್ನ ಅಕ್ಕ ಇದ್ದಾಳೆ. ಸಣ್ಣವಳಿದ್ದಾಗ ಪೋಲಿಯೋ ಬಂದು ಒಂದು ಕಾಲು ಸೋತಿತು. ಮೊಣಕಾಲ ಮೇಲೆ ಕೈ ಊರಿ ನಡೆಯುತ್ತಿದ್ದಳು. ಈಗ ವಯಸ್ಸಾದ ಮೇಲೆ ಅದೂ ನಾಲ್ಕು ಹೆಜ್ಜೆಗೆ ಮುಗಿಯುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಅವಳ ಟೇಲರಿಂಗ್ ಅಂಗಡಿ. ಕೈಯಿಂದ ಹಿಡಿಕೆ ತಿರುಗಿಸಿ ಓಡಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ದಿನಾ ಹೋಗಿ ಬರುತ್ತಾಳೆ. ಆ ಹಿಡಿಕೆಯನ್ನು ಹಿಡಿದಿಡುವ ಕಬ್ಬಿಣದ ಪಟ್ಟಿ ಒಂದು ದಿನ ತುಂಡಾಯಿತು. ಕಿಟಕಿಯ ಸರಳಿಗೆ ಬಳಸುವ ತೆಳ್ಳನೆಯ ಪಟ್ಟಿಯಿಂದ ಅದನ್ನು ಮಾಡಿಕೊಟ್ಟಿದ್ದವನೇ ಆ ವೆಲ್ಡರ್ ಮಹಾನುಭಾವ.

ಭಾವ ತಕ್ಷಣ ಪರಿಹಾರ ಕೊಟ್ಟ. ಪರಿಹಾರ ಕೊಡುವುದೇ ಅವನ ಉದ್ಯೋಗ. “ನನ್ನ ಬೈಕ್ ಅದಲ್ಲ, ಎತ್ತಿ ಕೂಡಿಸ್ಕೊಂಡು ಹೋಗ್ತೀನಿ, ಎತ್ತಿ ಇಳಸ್ತೀನಿ,” ಅಂದನಂತೆ.

ಅಕ್ಕ ನನಗೆ ಫೋನ್ ಮಾಡಿದಳು. “ಬಸ್ ಸ್ಟ್ಯಾಂಡಿನಾಗ ನಾಕ್ ಮಂದಿ ಮುಂದ ಕೂಸಿನಂಗ ಎತ್ತಿಸ್ಕೊಳ್ಳೋದು ನಾ ಒಲ್ಲೆ. ಸೈಕಲ್ ಆಗೋತನಕ ಅಂಗಡಿ ಬಂದ್ ಇಡ್ತೀನಿ. ನಿನ್ನ ಕೈಲಿ ಆಗ್ತದೇನು ನೋಡು.”

“ಹೊಸಾ ಪಟ್ಟಿ ಮಾಡಿ ಶುಕ್ರವಾರಕ್ಕ ತರ್ತೀನಿ ಬಿಡು,” ಅಂದೆ. ಆಗ ಸೋಮವಾರ.

ನಮ್ಮ ಕಡೆಯವರಿಗೆ ಲಾರಿಯ ಕಮಾನು ಪಟ್ಟಿಯ ಮೇಲೆ ಇರುವ ಭಕ್ತಿ ದೇವರ ಮೇಲೂ ಇಲ್ಲ. ಕುಡಗೋಲು, ಕೊಡಲಿ, ಮಾಂಸ ಕಡಿಯುವ ಕತ್ತಿ, ಏನೇ ಗಟ್ಟಿಯಾಗಬೇಕಿದ್ದರೂ ಲಾರಿಯ ಗಾಲಿಯ ಮೇಲೆ ಭಾರ ಹೊತ್ತ ಆ ಉಕ್ಕೇ ಬೇಕು. ನಾನೂ ಗುಜರಿಯಿಂದ ಅದನ್ನೇ ತಂದೆ. ಸೈಕಲ್ಲಿನ ಹಿಡಿಕೆಗೆ ಅಷ್ಟು ಗಟ್ಟಿ ಉಕ್ಕು ಯಾಕೆ ಎಂದು ಕೇಳುವವರು ಯಾರೂ ಇರಲಿಲ್ಲ. ಕೇಳಿದ್ದರೆ ಅವರನ್ನೂ ಸಾಲಿಗೆ ಸೇರಿಸುತ್ತಿದ್ದೆ.

ಬೇಕಾದದ್ದು ಎರಡು ತೂತು, ಅಷ್ಟೇ. ಆದರೆ ಪಟ್ಟಿಯ ಹಿಂದೆ ಚೈನು ಹಾಯುತ್ತದೆ, ನಟ್ ಕೂರಲು ಜಾಗವಿಲ್ಲ. ಹಾಗಾಗಿ ಬೋಲ್ಟ್ ಪಟ್ಟಿಯಲ್ಲೇ ಬಿಗಿಯಾಗುವಂತೆ ತೂತಿನ ಒಳಗೆ ಸುರುಳಿ ಗೀರು, ಅಂದರೆ ಥ್ರೆಡ್, ಕೊರೆಯಬೇಕು. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಇಸ್ತ್ರಿ ಮಾಡಿದ ಏಪ್ರನ್ ತೊಟ್ಟವನೊಬ್ಬ ಎರಡು ಹನಿ ಎಣ್ಣೆ ಬಿಟ್ಟು, ಮೂರು ನಿಮಿಷದಲ್ಲಿ ಕೊರೆದು, ಹಲ್ಲು ಕಿರಿದ. ಉಗುರಿನಲ್ಲಿ ಒಂದು ಚೂರು ಕರಿ ಇಲ್ಲದವನನ್ನು ನಾನು ನಂಬಿದೆನಲ್ಲ, ಥೂ ನನ್ನ.

ನನ್ನ ಮೊದಲ ಡ್ರಿಲ್ ಬಿಟ್ ಕಿರ್ರೆಂದು ಕಿರುಚಿ, ತುದಿ ನೀಲಿಯಾಗಿ ಸತ್ತಿತು. ಎರಡನೆಯದೂ ಹಾಗೆಯೇ. ಪಟ್ಟಿಯ ಮೇಲೆ ಒಂದು ಹೊಳೆಯುವ ಚುಕ್ಕೆ ಬಿಟ್ಟರೆ ಏನೂ ಆಗಿರಲಿಲ್ಲ.

ಬಿಟ್‌ಗಳನ್ನು ಸಾಣೆ ಹಿಡಿಸಲು ಮಂಗಳವಾರ, ಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು, ನಮ್ಮೂರಿನದೇ ಮೋಮಿನಪುರಕ್ಕೆ ಹೋದೆ. ಅಲ್ಲೊಬ್ಬ ಮುದುಕ ಮಿಸ್ತ್ರಿ, ಕನ್ನಡಕದ ಒಂದು ಕಡ್ಡಿಯ ಬದಲು ದಾರ ಕಟ್ಟಿಕೊಂಡವನು. ಬಿಟ್ ನೋಡಲಿಲ್ಲ, ಪಟ್ಟಿ ಕೇಳಿದ. ಅದರ ಅಂಚಿನ ಮೇಲೆ ಅರ ಉಜ್ಜಿದ. ಅರ ಕಚ್ಚದೆ ಜಾರಿತು.

“ಸಾಬ್, ಇದು ಭಾಳ ಸಖ್ತ್ ಅದ. ಮೊದ್ಲು ಬೆಂಕ್ಯಾಗ ಹಾಕ್ರಿ, ಕೆಂಪ್ಗ ಆಗ್ಲಿ. ಆಮ್ಯಾಲ ಬೂದ್ಯಾಗ ಮುಚ್ಚಿಡ್ರಿ, ರಾತ್ರಿಯೆಲ್ಲ ಆರಾಮ್‌ಸೆ ತಣ್ಗ ಆಗ್ಲಿ. ನರಮ್ ಆಗ್ತದ. ಆಗ ಕೊರೀರಿ.”

ಗಟ್ಟಿ ಬೇಕೆಂದು ಲಾರಿ ಉಕ್ಕು ಹುಡುಕಿ ತಂದವನಿಗೆ ಮೆತ್ತಗೆ ಮಾಡು ಅನ್ನುತ್ತಾನೆ! ನಾನು ಅಲ್ಲೇ ನಕ್ಕೆ. ಅವನು ಬೇಸರ ಮಾಡಿಕೊಳ್ಳಲಿಲ್ಲ, ಬಿಟ್‌ಗಳಿಗೆ ಸಾಣೆ ಹಿಡಿದು ಕೊಟ್ಟ. ವಾಪಸ್ ಬರುವಾಗ ಅವನ ಗಂಟಲು, ಅವನ ‘ಆರಾಮ್‌ಸೆ’, ದಾರದ ಕನ್ನಡಕವನ್ನು ಮೇಲೆ ನೂಕುವ ರೀತಿ ಎಲ್ಲವನ್ನೂ ದಾರಿಯುದ್ದಕ್ಕೂ ಅಣಕಿಸಿ ರೂಢಿ ಮಾಡಿಕೊಂಡೆ.

ದುಬಾರಿ ಕೋಬಾಲ್ಟ್ ಬಿಟ್ ತಂದು, ಎರಡು ಸಂಜೆ ಎದೆಯಿಂದ ಡ್ರಿಲ್ ಒತ್ತಿ ಹಿಡಿದು, ಹೇಗೋ ಒಂದು ತೂತು ಇಳಿಸಿದೆ. ಸೊಟ್ಟ ತೂತು. ಗುರುವಾರ ಅದರೊಳಗೆ ಥ್ರೆಡ್ ಕೊರೆಯುವ ಟ್ಯಾಪ್ ಇಟ್ಟೆ. ಕೋಬಾಲ್ಟಿಗೆ ಹಣ ಸುರಿದವನು ಟ್ಯಾಪ್ ಮಾತ್ರ ಅಗ್ಗದ್ದು ತಂದಿದ್ದೆ. ಎರಡು ಸುತ್ತು ಹೋಯಿತು. ಮೂರನೆಯದಕ್ಕೆ ಟಕ್ ಎಂದು ಮುರಿದು ತೂತಿನಲ್ಲೇ ಉಳಿಯಿತು. ಇಕ್ಕಳಕ್ಕೆ ಸಿಗದು, ಕೊರೆಯೋಣವೆಂದರೆ ಅದು ಪಟ್ಟಿಗಿಂತ ಗಟ್ಟಿ. ಕೈಯಲ್ಲಿದ್ದದ್ದನ್ನು ಗೋಡೆಗೆ ಎಸೆದೆ.

ಶುಕ್ರವಾರ ಡ್ರಿಲ್ಲು, ಟ್ಯಾಪುಗಳ ಡಬ್ಬಿ, ಕೆಟ್ಟ ಪಟ್ಟಿ ಎಲ್ಲ ಚೀಲಕ್ಕೆ ತುಂಬಿ ಕಮಲಾಪುರಕ್ಕೆ ಹೋದೆ. ಅಕ್ಕ ಐದು ದಿನದಿಂದ ಮನೆ ಬಿಟ್ಟು ಹೊರಬಿದ್ದಿರಲಿಲ್ಲ. ಕೊಟ್ಟ ಮಾತು ತಪ್ಪಿದವನು ನಾನು. ಆ ಮುಜುಗರ ಮುಚ್ಚಿಕೊಳ್ಳಬೇಕಿತ್ತು. ಮನೆ ಮುಂದಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ ಭಾವ, ಅಕ್ಕಪಕ್ಕದ ನಾಲ್ಕು ಜನ ಕೂತಿದ್ದರು. ಎದ್ದು ನಿಂತು ಮೋಮಿನಪುರದ ಮಿಸ್ತ್ರಿಯಾದೆ. ಕನ್ನಡಕ ನೂಕಿದೆ, ಗಂಟಲು ಕೆರೆದೆ, “ಬೂದ್ಯಾಗ ಮುಚ್ಚಿಡ್ರಿ ಸಾಬ್, ಆರಾಮ್‌ಸೆ” ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ಇನ್ನೊಂದು ಸಲ ಮಾಡಿಸಿದ.

ಅಕ್ಕ ನಗಲಿಲ್ಲ. “ಎಷ್ಟು ಕೆಂಪಗ ಆಗ್ಬೇಕಂತ ಅಂದ್ರು?” ಅಂತ ಕೇಳಿದಳು.

“ಅದನ್ನ ಯಾರು ಕೇಳ್ಯಾರ. ಮೆತ್ತಗ ಮಾಡಿದ್ರ ಲಾರಿ ಪಟ್ಟಿ ತಂದು ಏನ್ ಉಪಯೋಗ?”

“ಗಟ್ಟಿ ಇಟ್ಕೊಂಡು ಏನ್ ಮಾಡ್ಲಿ, ತೂತೇ ಬೀಳ್ಲಿಲ್ಲಂದ್ರ? ತಾ ಇಲ್ಲಿ.”

ಸಂಜೆ ಬಚ್ಚಲ ಒಲೆಯ ಮುಂದೆ ಕೂತು, ಜಾಲಿ ಕಟ್ಟಿಗೆಯ ಕೆಂಡ ಮಾಡಿ, ಪಟ್ಟಿಯನ್ನು ಅದರೊಳಗೆ ತಳ್ಳಿ ಊದುಗೊಳವೆಯಿಂದ ಊದಿದಳು. ಅದು ಪೂರ್ತಿ ಕೆಂಪಾದ ಮೇಲೆ ಇಕ್ಕಳದಿಂದ ಎತ್ತಿ, ಬಿಸಿ ಬೂದಿ ತುಂಬಿದ ಡಬ್ಬಿಯಲ್ಲಿ ಹುಗಿದಳು. ನಾನು ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಹೀಯಾಳಿಸಿದೆ.

ಬೆಳಿಗ್ಗೆ ಪಟ್ಟಿಯನ್ನು ಕಟ್ಟೆಗೆ ಕ್ಲಾಂಪ್ ಹಾಕಿ ಬಿಗಿದು ಡ್ರಿಲ್ ಇಟ್ಟೆ. ಬೂದು ಬಣ್ಣದ ಸುರುಳಿ ಸುರುಳಿ ಚೂರು ಎದ್ದು ಬಂತು, ಎರಡನೆಯ ತೂತು ಸಲೀಸಾಗಿ ಇಳಿಯಿತು. ಮುರಿದ ಟ್ಯಾಪ್ ಕೂಡ ಅಗ್ಗದ ಉಕ್ಕಾದ್ದರಿಂದ ಅದೇ ಬೆಂಕಿಯಲ್ಲಿ ಮೆತ್ತಗಾಗಿತ್ತು. ಅದನ್ನೂ ಕೊರೆದು ತೆಗೆದೆ. ಒಂದು ಸೈಜು ದೊಡ್ಡ ಟ್ಯಾಪ್ ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಎಣ್ಣೆ ಬಿಡುತ್ತ ಎರಡೂ ತೂತಿಗೆ ಥ್ರೆಡ್ ಕೊರೆದೆ. ಊಟದ ಹೊತ್ತಿಗೆ ಹಿಡಿಕೆ ಕೂತಿತು. ಇವತ್ತಿಗೂ ಅದೇ ಪಟ್ಟಿ ಇದೆ, ಅಲುಗಿಲ್ಲ.

ಅಕ್ಕ ತಾನೇ ಕಟ್ಟೆಯಿಂದ ಸೈಕಲ್ಲಿಗೆ ಸರಿದು ಕೂತಳು. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

“ಕಲಬುರಗಿಗಿ ಹೋದ ಮ್ಯಾಲ ಆ ಮಿಸ್ತ್ರಿಗಿ ಹೇಳಿ ಬಾ, ಆಯ್ತು ಅಂತ.”

“ಹೇಳ್ತೀನಿ ತಗೋ. ಆದ್ರ ನೀ ನಿನ್ನಿ ಯಾಕ ನಗಲಿಲ್ಲ? ಎಲ್ಲಾರೂ ನಕ್ಕರು.”

ಸೆರಗು ಸರಿಮಾಡಿಕೊಂಡಳು. ಸಿಟ್ಟಿನ ದನಿಯೇನೂ ಅಲ್ಲ, ಬ್ಲೌಸಿನ ಅಳತೆ ಹೇಳುವಾಗಿನ ದನಿ.

“ಸಣ್ಣಾಂವ ಇದ್ದಾಗ ನಾ ನಡಿಯೋದು ಹಿಂಗೇ ಮಾಡಿ ತೋರಿಸ್ತಿದ್ದಿ. ಮೊಣಕಾಲ ಮ್ಯಾಲ ಕೈ ಇಟ್ಕೊಂಡು. ಆಗೂ ಎಲ್ಲಾರೂ ನಗ್ತಿದ್ರು.”

ಹಿಡಿಕೆ ತಿರುಗಿಸುತ್ತ ಬಸ್ ಸ್ಟ್ಯಾಂಡಿನ ಕಡೆ ಹೋದಳು. ನಾನು ಡ್ರಿಲ್ಲಿನ ವೈರು ಸುತ್ತುತ್ತ ಕಟ್ಟೆಯ ಮೇಲೆಯೇ ಕೂತಿದ್ದೆ.