ಎರಡು ತೊಟ್ಟು ಹರಳೆಣ್ಣೆ

ರಾಜಘಟ್ಟದಲ್ಲಿ ಮೂವತ್ತರೊಳಗಿನ ಯಾರನ್ನೇ ನಿಲ್ಲಿಸಿ ಕೇಳಿ, ಹುಟ್ಟಿದಾಗ ನೀರು ಹಾಕಿದವಳು ಅಮ್ಮಯಮ್ಮ ಅಂತಲೇ ಹೇಳ್ತಾರೆ. ಬಾಣಂತಿ ಮನೆಗೆ ಬಂದವಳು ಮೊದಲು ಮಗು ಮುಟ್ಟುತ್ತಿರಲಿಲ್ಲ. ತಾಮ್ರದ ಹಂಡೆಗೆ ಹುಣಸೆಹಣ್ಣು ತಿಕ್ಕಿ, ಕಿಲುಬೆಲ್ಲ ಬಿಡಿಸಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ಬಿಸಿ ನೋಡೋದಕ್ಕೆ ಅವಳ ಮುಂಗೈಯೇ ಸಾಕು. ಮಣೆ ಮೇಲೆ ಕೂತು, ಕಾಲು ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೆ ಬಾಯಿ ಶುರು.

"ಅಳೇ ಕಳ್ಳಿ, ಅಳು. ನಿಮ್ಮಪ್ಪನೂ ಹಿಂಗೇ ಊರು ಎಬ್ಬಿಸ್ತಿದ್ದ. ಈಗ ನೋಡು, ಹೆಂಗೆ ಮೀಸೆ ತಿರುವ್ತಾನೆ!"

ಕೊನೆಗೆ ಮೂಗಿನ ಒಂದೊಂದು ಹೊಳ್ಳೆಗೂ ಎರಡು ತೊಟ್ಟು ಹರಳೆಣ್ಣೆ ಬಿಟ್ಟು, ಉಫ್ ಅಂತ ಊದುತ್ತಿದ್ದಳು. ಅವಳ ಅತ್ತೆ ಕಲಿಸಿದ್ದು. ಯಾವ ಮಗುವಿಗೂ ಏನೂ ಆಗಿರಲಿಲ್ಲ, ಅಥವಾ ಆಗಿದ್ದು ಯಾರಿಗೂ ತಿಳಿದಿರಲಿಲ್ಲ.

ಪಕ್ಕದ ಮನೆಯ ಚಂದನಳ ಗಂಡ ಆನಂದ್‌ಗೆ ದಾಬಸ್‌ಪೇಟೆಯ ಗೋದಾಮಲ್ಲಿ ಕೆಲಸ. ಮನೇಲಿ ಹಿರಿಯರು ಅಂತ ಯಾರೂ ಇರಲಿಲ್ಲ. ಹಾಗಾಗಿ ಅಮ್ಮಯಮ್ಮನೇ ಅತ್ತೆ. ಮಗು ಹೆಣ್ಣು, ನಾಲ್ಕು ತಿಂಗಳು. ನೆಗಡಿಯಾಗಿ ಮೂಗು ಕಟ್ಟಿತ್ತು. ಪಾಪ ಉಸಿರಾಡಲಿ ಅಂತ ಅಮ್ಮಯಮ್ಮ ಎರಡು ತೊಟ್ಟನ್ನು ನಾಲ್ಕು ಮಾಡಿದಳು, ಮಾರನೇ ದಿನ ಆರು. ಮಗು ಅತ್ತು ಅತ್ತು ಬಿಕ್ಕುವಾಗಲೇ ಎಣ್ಣೆ ಬಿಟ್ಟಳು.

ನಾಲ್ಕನೇ ದಿನ ಬೆಳಗ್ಗೆ ಮಗುವಿನ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು, ತುಟಿ ನೀಲಿ. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ನೋಡಿದವರು ಆಂಬುಲೆನ್ಸ್ ಹತ್ತಿಸಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಮಗುವಿನ ಬಾಯಿಗೆ ಕೊಳವೆ ಹಾಕಿ ಮೆಷಿನ್ನಿಗೆ ಕಟ್ಟಿದರು.

ಅಮ್ಮಯಮ್ಮ ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕೂತಳು. ಎರಡು ದಿನ ಕೂತೇ ಇದ್ದಳು. ಆನಂದ್ ಕಾಫಿ ತಂದುಕೊಟ್ಟ. ಲೋಟ ಹಿಡಿದದ್ದು ಗೊತ್ತು, ಬಿಸಿ ಗೊತ್ತಾಗಲಿಲ್ಲ. ತುಟಿ ಸುಟ್ಟಮೇಲೆ ನೋಡಿಕೊಂಡರೆ ಬೆರಳೂ ಕೆಂಪಾಗಿತ್ತು.

ಮೂರನೇ ದಿನ ಡಾಕ್ಟರ್ ಪ್ರಮೋದಾ ಒಂದು ಕಾಗದ ಹಿಡಿದು ಬಂದರು.

"ಚಂದನಾ, ಮಗೂಗೆ ಆಕ್ಸಿಜನ್ ಜಾಸ್ತಿ ಕೊಡ್ತಿದೀವಿ. ಕೊಡ್ದೆ ಇದ್ರೆ ಉಳಿಯಲ್ಲ. ಆದ್ರೆ ಅದೇ ಆಕ್ಸಿಜನ್ ಜಾಸ್ತಿ ಆದ್ರೆ ಶ್ವಾಸಕೋಶಕ್ಕೇ ಏಟು. ಕಾಯಿಲೆಯಿಂದ್ಲೂ ಅದೇ ಥರದ ಏಟು ಬೀಳ್ತಿರತ್ತೆ."

"ತಾಮ್ರಕ್ಕೆ ಕಿಲುಬು ಹಿಡ್ದಂಗಾ?" ಅಮ್ಮಯಮ್ಮನ ಬಾಯಿಂದ ತಾನಾಗೇ ಬಂತು.

"ಸುಮಾರಾಗಿ ಹಂಗೇ ಅಜ್ಜಿ. ಅದನ್ನ ತಡಿಯೋ ಅಂಶ ನಮ್ಮ ರಕ್ತದಲ್ಲೇ ಇರುತ್ತೆ, ಆಂಟಿಆಕ್ಸಿಡೆಂಟ್ ಅಂತೀವಿ. ಇಂಥ ಮಕ್ಕಳಲ್ಲಿ ಅದು ಎಷ್ಟು ಉಳಿದಿದೆ ಅಂತ ಒಂದು ಸಂಶೋಧನೆ ಮಾಡ್ತಿದೀವಿ. ಸ್ವಲ್ಪ ರಕ್ತ ಬೇಕು. ಇದರಿಂದ ಈಗ್ಲೇ ನಿಮ್ಮ ಮಗೂಗೆ ಲಾಭ ಆಗತ್ತೆ ಅಂತ ಸುಳ್ಳು ಹೇಳಲ್ಲ. ಬೇಡ ಅಂದ್ರೂ ಚಿಕಿತ್ಸೆ ನಿಲ್ಲಲ್ಲ."

"ಅಂದ್ರೆ ಹುಣಸೆಹಣ್ಣು," ಅಂದಳು ಅಮ್ಮಯಮ್ಮ.

ಚಂದನ ಕಾಗದಕ್ಕೆ ಸಹಿ ಹಾಕಿದಳು. ಡಾಕ್ಟರ್ ಎದ್ದವರು ಮತ್ತೆ ಕೂತರು. "ಶ್ವಾಸಕೋಶದ ಸೋಂಕು ಅಂದ್ಕೊಂಡು ಕೊಟ್ಟ ಔಷಧಿ ಕೆಲಸ ಮಾಡ್ತಿಲ್ಲ. ಕಾರಣ ಗೊತ್ತಾದ್ರೆ ಆಕ್ಸಿಜನ್ ಇಳಿಸೋಕೆ ದಾರಿ ಸಿಗತ್ತೆ. ಇನ್ನೊಂದ್ಸಲ ಯೋಚ್ನೆ ಮಾಡಿ. ಏನಾದ್ರೂ ಕುಡಿಸಿದ್ರಾ?"

"ಎದೆಹಾಲು ಬಿಟ್ರೆ ಏನೂ ಇಲ್ಲ ಮೇಡಂ."

ಚಂದನ ಸುಳ್ಳು ಹೇಳಲಿಲ್ಲ. ನೀರು ಹಾಕುವಾಗ ಬಿಡೋ ಎಣ್ಣೆಯನ್ನು ಯಾರು ಲೆಕ್ಕಕ್ಕೆ ಹಿಡೀತಾರೆ? ಅದು ಊಟವಲ್ಲ, ಔಷಧಿಯಲ್ಲ. ಸೋಪಿದ್ದ ಹಾಗೆ.

ಅಮ್ಮಯಮ್ಮ ತನ್ನ ಬೆರಳು ನೋಡಿಕೊಂಡಳು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನು ಮೂಗಿಗೆ ಎಣ್ಣೆ ಬಿಟ್ಟೆ ಕಣವ್ವ," ಅಂದಳು. "ಹರಳೆಣ್ಣೆ. ನೆಗಡಿ ಅಂತ ಜಾಸ್ತಿನೇ ಬಿಟ್ಟೆ. ಮೂರು ದಿನ."

ಚಂದನ ತಿರುಗಿ ನೋಡಿದಳು. ಡಾಕ್ಟರ್ ಆಗಲೇ ಎದ್ದು ಒಳಗೆ ಹೋಗುತ್ತಿದ್ದರು. ಬಾಗಿಲ ಹತ್ತಿರ ನಿಂತು, "ಹೇಳಿದ್ದು ಒಳ್ಳೇದಾಯ್ತು ಅಜ್ಜಿ," ಅಂದರು.

ಅವತ್ತು ಕೊಳವೆಯಲ್ಲಿ ಉಪ್ಪುನೀರು ಬಿಟ್ಟು ಮಗುವಿನ ಶ್ವಾಸಕೋಶ ತೊಳೆದರು. ಬಂದ ನೀರಿನ ಮೇಲೆ ಜಿಡ್ಡು ತೇಲುತ್ತಿತ್ತಂತೆ. ಔಷಧಿ ಬದಲಾಯಿತು. ಆಕ್ಸಿಜನ್ ಒಂದೊಂದೇ ಮೆಟ್ಟಿಲು ಇಳಿಯಿತು. ಹದಿನೆಂಟನೇ ದಿನ ಮಗು ಮನೆಗೆ ಬಂತು. ಅಷ್ಟು ದಿನವೂ ಚಂದನ ಅಮ್ಮಯಮ್ಮನ ಜೊತೆ ಒಂದು ಮಾತೂ ಆಡಲಿಲ್ಲ.

ಬಂದ ಮೂರನೇ ಬೆಳಗ್ಗೆ ಚಂದನ ಅಮ್ಮಯಮ್ಮನ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ನೀರು ಕಾದಿದೆ. ಎಣ್ಣೆ ಬಾಟ್ಲಿ ಬಿಸಾಕಿದೀನಿ."

ಅಮ್ಮಯಮ್ಮ ಹೋದಳು. ಹಂಡೆ ಹಸಿರುಗಟ್ಟಿತ್ತು, ಯಾರೂ ತಿಕ್ಕಿರಲಿಲ್ಲ. ಮಣೆ ಮೇಲೆ ಕೂತು ಕಾಲು ನೀಡಿದಳು. ಬಕೆಟ್ಟಿನ ನೀರಿಗೆ ಮುಂಗೈ ಅದ್ದಿದಳು. ತೆಗೆದು ಮತ್ತೆ ಅದ್ದಿದಳು.

"ನೀನೇ ಒಂಚೂರು ಕೈಯಿಟ್ಟು ನೋಡಮ್ಮ. ನಂಗೆ ತಿಳೀತಿಲ್ಲ."

ಚಂದನ ಬೆರಳಿಟ್ಟು ಹಿಂದಕ್ಕೆಳೆದುಕೊಂಡಳು. ಎರಡು ಚೊಂಬು ತಣ್ಣೀರು ಬೆರೆಸಿದಳು. ಮಗುವನ್ನು ಅಮ್ಮಯಮ್ಮನ ಕಾಲ ಮೇಲೆ ಮಲಗಿಸಿದಳು.

ಮಗು ಜೋರಾಗಿ ಅತ್ತಿತು. ಅಮ್ಮಯಮ್ಮ ಕಳ್ಳಿ ಅನ್ನಲಿಲ್ಲ. ಮಗು ಬಿಕ್ಕಿದಾಗಲೆಲ್ಲ ಕೈ ನಿಲ್ಲಿಸುತ್ತಿದ್ದಳು. ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದಳು. ಆಮೇಲೆ ಇನ್ನೊಂದು ಚೊಂಬು.