ಕೂಸು ಹಿಡಿಯೋ ಕೆಲಸ

ಒಂಟಿ ತಾಯಂದ್ರಿಗೆ ಕೆಲಸ ಕೊಡಸೋದ ನನ್ನ ಕೆಲಸ. ಪಾಳಾ ಊರಿನ ರೇಣವ್ವಗ ವಿಧವಾ ಪಿಂಚಣಿ ಸಾಲತಿರಲಿಲ್ಲ, ಕೂಸು ಐತಿ ಅಂತ ಯಾರೂ ಕೆಲಸಕ್ಕ ತಗೋತಿರಲಿಲ್ಲ. ಟಿಬೆಟನ್ ಕಾಲೊನಿಯ ಹೋಟೆಲಿಗೆ ಕರಕೊಂಡು ಹೋದೆ.

"ಸರ, ಸ್ವಲ್ಪ ಹಿಡೀರಿ," ಅಂತ ಕೂಸು ನನಗ ಕೊಟ್ಟು, ಮೊಮೊ ಕಡಬು ಮಾಡಿ ತೋರಸಾಕ ಅಡಗಿಮನಿಗೆ ಹೋದ್ಳು. ಕೂಸು ಚೀರಾಕ ಹತ್ತಿತು. ನಾನು ಹಾಡಿದೆ, ಇನ್ನೂ ಜೋರ ಚೀರಿತು. ಕಡೀಕ ಕುಣಿದೆ. ಗಿರಾಕಿಗಳು ಮೊಮೊ ತಿನ್ನೋದು ಬಿಟ್ಟು ನೋಡಿದ್ರು. ಕೂಸು ನಕ್ಕಿತು.

ಮಾಲಕಿ ಅಜ್ಜಿ ಹೊರಗ ಬಂದ್ರು. "ಈಕಿ ಮೊಮೊಕ್ಕ ಕರಿಗಡಬಿನ ಅಂಚು ಹಾಕ್ಯಾಳ. ಇರ್ಲಿ, ಚಂದ ಕಾಣ್ತಾವ. ನಾಳಿಂದ ಬರ್ಲಿ. ಆದ್ರ ಕೂಸು?"

"ಸೋಮವಾರದಿಂದ ಪಂಚಾಯ್ತಿಯ ಕೂಸಿನ ಮನ್ಯಾಗ ಬಿಡ್ತೇನ್ರಿ," ಅಂದ್ಳು ರೇಣವ್ವ. "ಅಲ್ಲೀತನಕ ಸರ ಅದಾರಲ್ರಿ."

ಹಿಂಗ ಒಂದ ದಿನದಾಗ ಇಬ್ಬರಿಗೆ ಕೆಲಸ ಕೊಡಸಿದೆ. ಪಗಾರ ಮಾತ್ರ ಒಬ್ಬರಿಗೆ.