ಗಾಡಿಗಿಂತ ಮೊದಲು ದಾರಿ ನೋಡುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಜೀಪಿನ ಹಿಂದಿನ ಚಕ್ರಗಳ ನಡುವಿನ ಕಬ್ಬಿಣದ ಹೌಸಿಂಗ್ ಕಾಲ ಮೇಲೆ ಬಿದ್ದು ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಬೋಳು ಬೆರಳನ್ನು ನಮ್ಮೂರ ಕೆರೆ ಏರಿಯ ಕೆಸರಿಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ ಅವರನ್ನು ನೋಡಿ ನನಗೆ ನಗು ಬಂದಿತ್ತು. ನನ್ನ ಪಿಕಪ್ ರಿಪೇರಿ ಮಾಡಿ ಎಂದು ರಾಮನಗರದಿಂದ ಕರೆಸಿದರೆ ಗಾಡಿಯ ಕಡೆ ತಿರುಗಿಯೂ ನೋಡದೆ ಕೆಸರು ತುಳಿಯುತ್ತಿದ್ದರು. ಅದು ಅವರ ಪದ್ಧತಿ. ಓಡಾಡುವ ದಾರಿ ನೋಡದೆ ಯಾವ ಗಾಡಿಗೂ ಸ್ಪ್ಯಾನರ್ ಹಾಕುತ್ತಿರಲಿಲ್ಲ.

ಮರಳವಾಡಿ ಕಡೆಯ ನಮ್ಮೂರಿನಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುತ್ತಿದ್ದವಳು ನಾನು. ಹೆಂಗಸು ಪಿಕಪ್ ಓಡಿಸುತ್ತಾಳಂತೆ ಎಂದು ನಕ್ಕವರೇ ಆಮೇಲೆ ಗೂಡಿನ ಚೀಲ ಹೊತ್ತು ನಮ್ಮ ಮನೆ ಮುಂದೆ ಸಾಲು ನಿಂತರು. ಚೀಲದ ಜೊತೆ ಅದರ ಒಡತಿಯರೂ ಹತ್ತುತ್ತಿದ್ದರು. ಹುಳ ಸಾಕಿದವಳು ತಾನು, ಗೂಡು ಹರಾಜಾಗುವಾಗ ತಾನೇ ಎದುರಿಗಿರಬೇಕೆಂಬುದು ಒಬ್ಬೊಬ್ಬರ ಹಠ. ಮಳೆ ಬಂದರೆ ಮಾತ್ರ ಕೆರೆ ಏರಿಯ ಮೇಲೆ ನನ್ನ ಮಾನ ಹೋಗುತ್ತಿತ್ತು. ಹಿಂದಿನ ಒಂದು ಚಕ್ರ ಗಿರ್ರನೆ ತಿರುಗಿ ಎಲ್ಲರ ಸೀರೆಗೂ ಕೆಸರು ಎರಚುತ್ತಿತ್ತು, ಇನ್ನೊಂದು ಅಲ್ಲಾಡುತ್ತಿರಲಿಲ್ಲ. ಗೂಡು ಕಾಯುವ ಮಾಲಲ್ಲ. ಚೀಲದಲ್ಲೇ ಬೆವತು ಕರೆಗಟ್ಟಿದರೆ ಹರಾಜಿನಲ್ಲಿ ಕೇಳುವವರಿರುವುದಿಲ್ಲ.

"ಹಿಂದಿನ ಚಕ್ರಕ್ಕೆ ಬಲ ಹಂಚೋ ಡಿಫ್ರೆನ್ಷಿಯಲ್ ಅನ್ನದು ಮುದ್ದು ಮಾಡೋ ಅಪ್ಪ ಇದ್ದಂಗೆ ಕಣವ್ವ," ಎಂದರು ಮೇಸ್ತ್ರಿ, ಕೆರೆಯಲ್ಲಿ ಕಾಲು ತೊಳೆಯುತ್ತಾ. "ಎಲ್ಡು ಚಕ್ರ, ಎಲ್ಡು ಮಕ್ಕಳು. ಯಾವನು ಕೆಲ್ಸ ಮಾಡ್ದೆ ಸುಮ್ನೆ ಸುತ್ತುತಾನೋ ಅವನಿಗೇ ಇರಾದೆಲ್ಲ ಕೊಟ್ಬುಡ್ತಾನೆ. ದುಡಿಯೋನು ಅಂಗೇ ನಿಂತಿರ್ತಾನೆ."

"ಅಂಗಾರೆ ಇಬ್ರಿಗೂ ಸಮ ಹಂಚೋ ಅಪ್ಪನ್ನ ಹಾಕಿ ಮೇಸ್ತ್ರಣ್ಣ," ಎಂದೆ.

ಅಂಥವು ಒಂದೆರಡು ಬಗೆ ಇದ್ದವು. ಒಳಗೆ ಪ್ಲೇಟುಗಳಿರುವ ಬಗೆಯೊಂದು, ಜಾರುವ ಚಕ್ರವನ್ನು ಒಂದಿಷ್ಟು ಹಿಡಿದು ಇನ್ನೊಂದಕ್ಕೂ ಬಲ ಕೊಡುತ್ತದೆ. ಆದರೆ ಏರಿಯ ಮೇಲೆ ಟ್ರ್ಯಾಕ್ಟರ್ ಕೊರೆದ ಗುಂಡಿ ಆಳ, ನಮ್ಮ ಮಾಲು ಹಗುರ. ಒಂದು ಚಕ್ರ ಗಾಳಿಗೆ ಎದ್ದರೆ ಪ್ಲೇಟಿನ ಹಿಡಿತ ಸಾಲದು ಎಂದರು. ಚಕ್ರ ಜಾರಿದಾಗ ತಾನಾಗಿ ಲಾಕ್ ಆಗಿ, ಟಾರು ರಸ್ತೆಗೆ ಬಂದಾಗ ತಾನಾಗಿ ಬಿಟ್ಟುಕೊಳ್ಳುವ ಬಗೆ ನನಗೆ ಸರಿ ಎಂದು ತೀರ್ಮಾನಿಸಿದರು. "ಹುಡುಕ್ಬೇಕು. ಒಂದ್ ತಿಂಗ್ಳು ತಡ್ಕೊ."

ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಅದೇ ವಾರ ಮಳೆ ಹೊಡೆದು, ಏರಿಯ ಮೇಲೆ ಸಿಕ್ಕಿಕೊಂಡು, ಊರಿನ ಅರ್ಧ ಗೂಡು ಹಾಳಾಯಿತು. ಮಾರನೆಯ ದಿನವೇ ಕನಕಪುರದ ಒಂದು ವೆಲ್ಡಿಂಗ್ ಅಂಗಡಿಗೆ ಹೋಗಿ ಡಿಫ್ರೆನ್ಷಿಯಲ್ ಒಳಗಿನ ಹಲ್ಲುಗಳಿಗೇ ಬೆಸುಗೆ ಹಾಕಿಸಿಬಿಟ್ಟೆ. ಎರಡೂ ಚಕ್ರ ಸದಾ ಒಟ್ಟಿಗೇ ತಿರುಗಬೇಕು, ಬೇರೆ ದಾರಿಯೇ ಇಲ್ಲ. ಗಾಡಿ ಏರಿಯನ್ನು ಮೇಕೆ ಥರ ಹತ್ತಿತು! ತಿರುವಿನಲ್ಲಿ ಟೈರು ಕಿರುಚುತ್ತಿತ್ತು, ಸ್ಟೇರಿಂಗ್ ಬಿಗಿಯಾಗಿತ್ತು. ನಾನು ಅದಕ್ಕೆ ಸೊಪ್ಪು ಹಾಕಲಿಲ್ಲ.

ಮೇಸ್ತ್ರಿಯ ಮುಂದೆ ಮೆರೆಯಬೇಕಲ್ಲ. ಒಂದು ದಿನ ಗೂಡು ಇಳಿಸಿ, ಐದು ಜನ ಹೆಂಗಸರನ್ನು ಹಿಂದೆ ಕೂರಿಸಿಕೊಂಡೇ ಅವರ ಶೆಡ್ಡಿನ ಕಡೆ ತಿರುಗಿಸಿದೆ. ಟೈರು ಕಿರುಚಿತು. ಟೀ ಕುಡಿಯುತ್ತಿದ್ದ ಮೇಸ್ತ್ರಿ ಲೋಟ ಕೈಬಿಟ್ಟರು. ಓಡಿ ಬಂದವರೇ ಕುಕ್ಕರುಗಾಲಲ್ಲಿ ಕೂತು, ಹಿಂದಿನ ಎರಡೂ ಟೈರಿನ ಗಾಳಿ ತಡೆಯುವ ವಾಲ್ವ್ ಪಿನ್ ಕಿತ್ತು ಚರಂಡಿಗೆ ಎಸೆದರು. ಗಾಳಿ ಬುಸ್ಸೆಂದು ಹೋಗಿ ಗಾಡಿ ಕುಸಿದು ಕೂತಿತು. ಹಿಂದಿದ್ದವರು ಕಿರುಚಿಕೊಂಡರು.

"ನಿಮ್ಗೇನ್ ತಲೆ ಕೆಟ್ಟಿದ್ದದಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಎಂದೂ ಗದರದ ಮನುಷ್ಯ. ಬಿಚ್ಚಿದ ಒಂದೊಂದು ನಟ್ಟನ್ನೂ ಹಳೇ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಹೂವು ಮುಟ್ಟಿದ ಹಾಗೆ ಮುಟ್ಟುವವರು. ಈಗ ಕೈ ಚಾಚಿ ಗಾಡಿಯ ಕೀಲಿ ಕಸಿದುಕೊಂಡರು.

"ಇವರ್ನೆಲ್ಲ ಬಸ್ಸಲ್ಲಿ ಕಳ್ಸು," ಎಂದರು. "ಆಮೇಲೆ ಒಳೀಕೆ ಬಾ."

ಕಳಿಸಿ ಬಂದೆ. ಅವರು ಗೋಡೆಯ ಕಡೆ ನೋಡುತ್ತಾ ಹೇಳಿದರು: "ಇಪ್ಪತ್ ವರ್ಸದ ಹಿಂದೆ ನಾನೂ ಒಂದ್ ಜೀಪಿಗೆ ಇಂಗೇ ಬೆಸುಗೆ ಹಾಕಿದ್ದೆ ಕಣವ್ವ. ಮಾಲೀಕ ಕೇಳ್ದ, ಹಾಕ್ದೆ. ಡ್ರೈವರ್‌ಗೆ ಹೇಳ್ಲಿಲ್ಲ. ಮಾಗಡಿ ರಸ್ತೇಲಿ ತಿರುವು, ಟಾರು ನೆಂದಿತ್ತು. ಅವನು ಸ್ಟೇರಿಂಗ್ ತಿರುಗ್ಸುದ್ರೂ ಜೀಪು ನೆಟ್ಟಗೇ ಹಳ್ಳಕ್ಕೆ ಹೊಂಟೋಯ್ತು. ಹಿಂದೆ ಕಳೆ ಕೀಳಕ್ಕೋಗೋ ಹೆಂಗಸ್ರಿದ್ರು. ಮೂರ್ ಜನ ಸತ್ರು."

ಈಗ ತಾನೇ ನಾನು ಕೂರಿಸಿಕೊಂಡು ಬಂದ ಐದೂ ಮುಖ ಕಣ್ಣ ಮುಂದೆ ಬಂದವು. ಅಷ್ಟಕ್ಕೇ ಮುಗಿದಿದ್ದರೆ ಅತ್ತು ಕಾಲಿಗೆ ಬೀಳುತ್ತಿದ್ದೆನೋ ಏನೋ.

ಬಿದ್ದ ಜೀಪನ್ನು ನೋಡಿ ಹೇಳಲು ಪೊಲೀಸರು ಕರೆಸಿದ್ದು ಇವರನ್ನೇ ಅಂತೆ. ಬ್ರೇಕ್ ಸರಿಯಿತ್ತಾ ಎಂದು ಕೇಳಿದರು, ಇವರು ಸರಿಯಿತ್ತು ಎಂದರು. ಅದು ನಿಜವೇ. ಬೆಸುಗೆ ಅಡಗಿದ್ದ ಹೌಸಿಂಗ್ ಬಿಚ್ಚಿ ನೋಡಿ ಎಂದು ಮಾತ್ರ ಹೇಳಲಿಲ್ಲ. ಬ್ರೇಕ್ ಸರಿಯಿದ್ದ ಮೇಲೆ ಡ್ರೈವರ್ ಕುಡಿದೇ ಓಡಿಸಿರಬೇಕು ಎಂದು ಊರೆಲ್ಲ ಮಾತಾಡಿತು. ಅವನು ಜೈಲಿಗೆ ಹೋಗಿ ಬಂದ. ಮತ್ತೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ.

ನಾನು ತೋಳಷ್ಟು ದೂರದಲ್ಲಿ ಕೂತಿದ್ದವಳು ಎದ್ದು ಬಾಗಿಲಿಗೆ ಹೋದೆ. ಅಣ್ಣ ಅಣ್ಣ ಎಂದು ಇಷ್ಟು ದಿನ ಕರೆದದ್ದು ಈ ಮನುಷ್ಯನನ್ನೇನಾ ಎಂದು ಮೈಯೆಲ್ಲ ಉರಿಯಿತು. "ಅವನ ಮನೆ ಎಲ್ಲಿ?" ಎಂದೆ.

"ಚನ್ನಪಟ್ಣ," ಎಂದರು ತಲೆಯೆತ್ತದೆ.

ತಿಂಗಳು ಬೇಕು ಎಂದವರು ಗುಜರಿಯಿಂದ ಗುಜರಿಗೆ ಅಲೆದು, ಮೂರೇ ದಿನದಲ್ಲಿ ಹೇಳಿದ ಬಗೆಯದನ್ನೇ ತಂದು ನನ್ನ ಗಾಡಿಗೆ ಕೂರಿಸಿದರು. ಹೊಸದು ಹಾಕಿದ ಮೇಲೆ ಮೊದಲ ಸಲ ನಾನು ಸಾಗಿಸಿದ್ದು ಗೂಡಲ್ಲ, ಮೇಸ್ತ್ರಿಯನ್ನು, ಚನ್ನಪಟ್ಟಣಕ್ಕೆ.

ಡ್ರೈವರ್ ಈಗ ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುತ್ತಿದ್ದ. ಹೊರಗೆ ಬಂದವನ ಬೆರಳಿಗೆಲ್ಲ ಅರಗಿನ ಕೆಂಪು ಮೆತ್ತಿತ್ತು. ಮೇಸ್ತ್ರಿ ನಿಂತಲ್ಲೇ ಎಲ್ಲ ಹೇಳಿದರು. ಆತ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು.

"ನನ್ ಹೆಂಡ್ತಿ ಸಾಯೋಗಂಟ ನಾನು ಕುಡ್ದಿದ್ದೆ ಅಂತ್ಲೇ ನಂಬಿದ್ಲು," ಎಂದ, ಮೆಲ್ಲಗೆ. "ಇಲ್ಲ ಕಣೆ ಅಂದ್ರೆ ಮಕ ತಿರುಗ್ಸೋಳು. ಈಗ ಬಂದಿದ್ದೀಯಲ್ಲ ಮೇಸ್ತ್ರಿ, ನಾನ್ ಯಾರಿಗ್ ಹೋಗಿ ಹೇಳ್ಲಿ?"

ಇಷ್ಟು ಹೇಳಿ ಒಳಗೆ ಹೋಗಿ ಕೆಲಸಕ್ಕೆ ಕೂತ.

ವಾಪಸು ರಾಮನಗರ ಬಂದಾಗ ಮೇಸ್ತ್ರಿ ಹೇಳಿದರು. "ನಾನ್ ಸತ್ತಾಗ ಜನ ಒಳ್ಳೇ ಮನ್ಸ ಅಂತಾರೆ. ಅಂದೇ ಅಂತಾರೆ. ಆಗ ನೀನು ಇದ್ನೂ ಹೇಳ್ಬೇಕು."

"ಈಗ್ಲೇ ನೀವೇ ಹೇಳಿ. ಸತ್ತೋರ ಆ ಮೂರು ಮನೆಗೆ ಹೋಗಿ ಹೇಳಿ," ಎಂದೆ.

"ಇದ್ದದ್ದೇ ಒಸಿ ಧೈರ್ಯ ಕಣವ್ವ. ಇವತ್ತು ಖರ್ಚಾಗೋಯ್ತು."

ಕೆಲವು ತಿಂಗಳು ಅವರ ಮುಖ ನೋಡಲಿಲ್ಲ. ಆದರೆ ಸುರಿಯುವ ಮಳೆಯಲ್ಲಿ ಏರಿ ಹತ್ತಿಸಿ, ನೆಂದ ಟಾರಿನ ತಿರುವಿನಲ್ಲಿ ಗಾಡಿ ನನ್ನ ಮಾತು ಕೇಳಿ ಹೊರಳಿದಾಗ, ಹಿಂದೆ ಹೆಂಗಸರ ಹರಟೆ ಕೇಳುತ್ತಿರುವಾಗ, ಅವರನ್ನು ಬೈಯಲೂ ಆಗುತ್ತಿರಲಿಲ್ಲ. ಮತ್ತೆ ಹೋದೆ. ಕ್ಷಮಿಸಿ ಹೋದೆ ಅಂತಲ್ಲ. ಕ್ಷಮಿಸಲು ನಾನು ಯಾರು? ಮೊದಲಿನ ಹಾಗೇ ಟೀ ತರಿಸಿಕೊಟ್ಟರು. ಇಬ್ಬರೂ ಆ ಮಾತು ಎತ್ತಲಿಲ್ಲ.

ಒಂದು ಬೆಳಿಗ್ಗೆ ಎದೆನೋವು ಎಂದವರು ಸಂಜೆಯೊಳಗೆ ಹೋಗಿಬಿಟ್ಟರು. ತಿಥಿಯ ದಿನ ಶೆಡ್ಡಿನ ಮುಂದೆ ಶಾಮಿಯಾನ ಹಾಕಿದ್ದರು. ಊಟದ ಸಾಲಿನಲ್ಲಿ ಎಲ್ಲರದೂ ಒಂದೇ ಮಾತು, ದೇವರಂಥ ಮನುಷ್ಯ. ಮೂರು ಸಲ ಕೇಳಿಸಿಕೊಂಡೆ. ನಾಲ್ಕನೆಯ ಸಲಕ್ಕೆ ಎಲೆ ಮುಂದಿನಿಂದ ಎದ್ದು ನಿಂತೆ.

"ಈ ಮೇಸ್ತ್ರಿ ನನ್ನ ಜೀವ ಉಳಿಸವ್ರೆ. ನನ್ ಜೊತೆ ಐದು ಜನ್ರ ಜೀವ ಉಳಿಸವ್ರೆ," ಎಂದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಉಳಿದದ್ದನ್ನೂ ಹೇಳಿದೆ.

ತುತ್ತು ಹಿಡಿದ ಕೈಗಳು ಹಾಗೇ ನಿಂತವು. ಮೇಸ್ತ್ರಿಯ ಅಕ್ಕ ನನ್ನ ಮುಖ ನೋಡುತ್ತಾ ನೆಲಕ್ಕೆ ಕುಸಿದರು. "ಎಳ್ಕೊಂಡೋಗ್ರಲಾ ಇವಳ್ನ," ಎಂದು ಆ ಅಕ್ಕನ ಮಗ ಅರಚಿದ. ಇಬ್ಬರು ಬಂದು ತೋಳು ಹಿಡಿದು ಎಳೆದರು. ರಸ್ತೆಗೆ ತಳ್ಳುವವರೆಗೂ ನಾನು ಒಂದೇ ಮಾತು ಕೂಗುತ್ತಿದ್ದೆ:

"ಆ ಡ್ರೈವರ್ ಅವತ್ತು ಕುಡಿದಿರ್ಲಿಲ್ಲ."